ಎಲ್ಲಿ ತೋರಸ್ಲತ್ತೀರಿ?

ಕಲಬುರಗಿಯಲ್ಲಿ ಹೆಣ್ಣುಮಗಳಿಗೆ ಮೂರು ತಿಂಗಳು ತುಂಬಿತು ಅಂದರೆ ಸಿಕ್ಕವರೆಲ್ಲ ಕೇಳುವುದು ಒಂದೇ ಮಾತು. “ಎಲ್ಲಿ ತೋರಸ್ಲತ್ತೀರಿ?” ನಾವು ಒಂದು ದವಾಖಾನೆಯ ಹೆಸರು ಹೇಳುತ್ತೇವೆ. ಅವರು “ಚಲೋ ಅದ ಬಿಡ್ರಿ” ಅನ್ನುತ್ತಾರೆ, ಇಲ್ಲವೇ “ಅಯ್ಯ, ಅಲ್ಲಿ ಬರೀ ಸಿಜೇರಿಯನ್ ಮಾಡ್ತಾರಂತ” ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಆ ದವಾಖಾನೆಯಲ್ಲಿ ಬ್ಯಾನಿ, ಅಂದರೆ ಹೆರಿಗೆ ನೋವು, ತಿನ್ನುವಾಗ ಪಕ್ಕದಲ್ಲಿ ಅವ್ವನನ್ನು ಬಿಡುತ್ತಾರಾ? ಎದ್ದು ಓಡಾಡಲು ಬಿಡುತ್ತಾರಾ? ಬಾಯಾರಿದರೆ ನೀರು ಕೊಡುತ್ತಾರಾ? ರಕ್ತ ಬೇಕಾದರೆ ಎಷ್ಟು ಹೊತ್ತಿನಲ್ಲಿ ಸಿಗುತ್ತದೆ? ಇದನ್ನು ಯಾರೂ ಕೇಳುವುದಿಲ್ಲ. ನಾನು ಬಸುರಿಯಾಗಿದ್ದಾಗ ನನಗೆ ಬೇಕಾಗಿದ್ದದ್ದು ಈ ಉತ್ತರಗಳೇ.

ಸಹಜವಾಗಿ ಹೆರಬೇಕು, ಅದಕ್ಕೆ ಎಲ್ಲಿಗೆ ಹೋಗಲಿ ಅಂತ ಹುಡುಕುತ್ತಿರುವ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದನ್ನು ಬರೆಯುತ್ತಿದ್ದೇನೆ. ಅವರ ಗಂಡಂದಿರೂ ಅತ್ತೆಯರೂ ಓದಿದರೆ ಇನ್ನೂ ಒಳ್ಳೆಯದು. ಯಾಕೆಂದರೆ ನಮ್ಮ ಮನೆಗಳಲ್ಲಿ ಈ ತೀರ್ಮಾನ ಬಸುರಿಯೊಬ್ಬಳ ಕೈಯಲ್ಲಿ ಇರುವುದು ಕಡಿಮೆ.

ನನ್ನ ತಲೆಯಲ್ಲಿ ಇದು ಹೊಕ್ಕಿದ್ದು ನನ್ನ ನೆಗೆಣ್ಣಿಯ ಹೆರಿಗೆ ನೋಡಿದ ಮೇಲೆ. ಅವಳಿಗೆ ಬ್ಯಾನಿ ಇನ್ನೂ ಸರಿಯಾಗಿ ಹತ್ತಿರಲಿಲ್ಲ. ದವಾಖಾನೆಯಲ್ಲಿ ಒಳಗೆ ಕರೆದುಕೊಂಡರು, ಅಂಗಾತ ಮಲಗಿಸಿದರು, ಬ್ಯಾನಿ ಬರುವ ಸಲೈನ್ ಹಚ್ಚಿದರು. ಹೊರಗೆ ನಾವೆಲ್ಲ ಕುಳಿತಿದ್ದೆವು, ಒಳಗೆ ಅವಳೊಬ್ಬಳೇ. ನೀರೂ ಕೊಡಲಿಲ್ಲ. ಸಂಜೆ ಒಂದು ಕಾಗದದ ಮೇಲೆ ಸಹಿ ಕೇಳಿದರು, ಸಿಜೇರಿಯನ್ ಆಯಿತು. ಆ ಆಪರೇಷನ್ ಬೇಡವಾಗಿತ್ತು ಅಂತ ಹೇಳಲು ನಾನು ಡಾಕ್ಟರ್ ಅಲ್ಲ. ಬೇಕಾಗಿತ್ತೋ ಏನೋ. ಆದರೆ ಯಾಕೆ ಮಾಡಿದರು ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಯಾರೂ ಕೂತು ಹೇಳಲಿಲ್ಲ. “ಹೊಲಿಗಿ ಬ್ಯಾನಿ ಹೋತಕ್ಕ, ಆದರ ಆ ದಿನ ನನ್ನ ಯಾರೂ ಮಾತಾಡಸಲೇ ಇಲ್ಲಲ್ಲ, ಅದು ಹೋಗಲ್ಲ” ಅಂತ ಅವಳು ನನ್ನ ಹತ್ತಿರ ಅತ್ತಿದ್ದಾಳೆ.

ಅವಳ ಹಾಗೆ ಎಷ್ಟು ಜನ ಇದ್ದಾರೆ ಅಂತ ನೋಡಿದರೆ ಗಾಬರಿಯಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರು ಹೆರಿಗೆಯಲ್ಲಿ 31.5 ಸಿಜೇರಿಯನ್. ಇಡೀ ದೇಶದ ಲೆಕ್ಕ 21.5. ಅದರಲ್ಲೂ ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ 47.4, ಸರ್ಕಾರಿ ಆಸ್ಪತ್ರೆಗಳಲ್ಲಿ 14.3. ಹೆಣ್ಣುಮಕ್ಕಳ ದೇಹ ಎರಡೂ ಕಡೆ ಒಂದೇ ಅಲ್ವಾ? ಸರ್ಕಾರಿ ಮತ್ತು ಖಾಸಗಿ ನಡುವೆ ಇಷ್ಟೊಂದು ಅಂತರ ಬರೀ ದೇಹದಿಂದ ಬರಲು ಸಾಧ್ಯವಿಲ್ಲ. ಸಿಜೇರಿಯನ್ ನೂರಕ್ಕೆ ಹತ್ತು ದಾಟಿದ ಮೇಲೆ, ಒಂದು ಜನಸಮುದಾಯದಲ್ಲಿ ತಾಯಿ-ಮಕ್ಕಳ ಸಾವು ಇನ್ನಷ್ಟು ಕಡಿಮೆಯಾಗುವುದು ಕಾಣುವುದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಅದೇ ಸಂಸ್ಥೆ ಇನ್ನೊಂದು ಮಾತನ್ನೂ ಸೇರಿಸಿತು. ಇಂತಿಷ್ಟೇ ಇರಬೇಕು ಅಂತ ಅಂಕಿಯ ಹಿಂದೆ ಬೀಳುವುದು ಬೇಡ, ಬೇಕಾದ ಪ್ರತಿಯೊಬ್ಬಳಿಗೂ ಸಿಜೇರಿಯನ್ ಸಿಗಬೇಕು. ಈ ಎರಡನೇ ಮಾತನ್ನು ನಾವು ಜಾಸ್ತಿ ಮರೆಯುತ್ತೇವೆ.

ನನಗೆ ಆ ಎರಡನೇ ಮಾತು ಮರೆಯಲು ಆಗುವುದಿಲ್ಲ. ಅದಕ್ಕೆ ಕಾರಣ ನಮ್ಮ ಆಯಿ.

ನನ್ನ ತಾಯಿಯ ತಾಯಿ ಆಳಂದ ಕಡೆಯ ಹಳ್ಳಿಯಲ್ಲಿ ಸೂಲಗಿತ್ತಿ. ಓದು ಬರಹ ಬರುತ್ತಿರಲಿಲ್ಲ. ಊರಿನ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಅವಳು ಹೇಳುತ್ತಿದ್ದ ಕಥೆಗಳಲ್ಲಿ ಅಂಗಾತ ಮಲಗಿ ಹೆತ್ತ ಹೆಣ್ಣುಮಗಳೇ ಇಲ್ಲ. ಜಂತಿಗೆ ಹಗ್ಗ ಕಟ್ಟಿ ಅದನ್ನು ಹಿಡಿದು ಕುಕ್ಕರಗಾಲಲ್ಲಿ ಕೂತವರು, ಗೋಡೆ ಹಿಡಿದು ನಿಂತವರು, ಮಂಡಿಯೂರಿದವರು. ಹಿಂದಿನಿಂದ ಇನ್ನೊಬ್ಬಳು ಸೊಂಟ ಒತ್ತುತ್ತಿರಬೇಕು. ಬ್ಯಾನಿ ನಡುವೆ ಬೆಲ್ಲದ ನೀರು, ತೆಳ್ಳಗಿನ ಗಂಜಿ. ಕೋಣೆಯಲ್ಲಿ ಒಂದೇ ದೀಪ. ಗಂಡಸರಿಗೆ ಪ್ರವೇಶವಿಲ್ಲ, ಜೋರು ಮಾತಿಲ್ಲ. “ಅವಸರ ಮಾಡಿದ್ರ ಕೂಸು ಹಿಂದಕ್ಕ ಸರೀತದ” ಅನ್ನುತ್ತಿದ್ದಳು. ತುಮಕೂರು ಜಿಲ್ಲೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಆಯಿ ಇರಲಿಲ್ಲ. ಇದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದಳೋ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಆ ತಾಯಿ ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು.

ಆಯಿ ಹೇಳುತ್ತಿದ್ದ ಇನ್ನೊಂದು ಕಥೆಯೂ ಇದೆ. ಅವಳ ಸ್ವಂತ ತಂಗಿ ಹೆತ್ತ ಮೇಲೆ ರಕ್ತ ನಿಲ್ಲಲಿಲ್ಲ. ಕೂಸು ಚೆನ್ನಾಗಿತ್ತು, ಅತ್ತಿತ್ತು, ಎಲ್ಲರೂ ನಿರಾಳವಾಗಿದ್ದರು. ಬಂಡಿ ಕಟ್ಟಿ ಊರ ದಾರಿ ದಾಟುವಷ್ಟರಲ್ಲಿ ಮುಗಿದುಹೋಗಿತ್ತು. ಇದನ್ನು ಹೇಳುವಾಗ ಆಯಿ ನಮ್ಮ ಮುಖ ನೋಡುತ್ತಿರಲಿಲ್ಲ. ಇವತ್ತಿಗೂ ನಮ್ಮ ದೇಶದಲ್ಲಿ ಬಾಣಂತಿಯರ ಸಾವಿಗೆ ದೊಡ್ಡ ಕಾರಣಗಳಲ್ಲಿ ಒಂದು ಹೆರಿಗೆಯ ನಂತರದ ರಕ್ತಸ್ರಾವವೇ. 2001–03ರಲ್ಲಿ ದೇಶದಲ್ಲಿ ಒಂದು ಲಕ್ಷ ಹೆರಿಗೆಗೆ 301 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 97ಕ್ಕೆ ಇಳಿಯಿತು, ಕರ್ನಾಟಕದಲ್ಲಿ 69ಕ್ಕೆ. ಇದರ ಹಿಂದೆ ಆಸ್ಪತ್ರೆ ಹೆರಿಗೆ ಇದೆ, ಆಶಾ ಕಾರ್ಯಕರ್ತೆಯರ ಓಡಾಟ ಇದೆ, 108 ಗಾಡಿ ಇದೆ, ರಕ್ತನಿಧಿ ಇದೆ, ಬೇಕಾದ ಹೊತ್ತಿಗೆ ಆದ ಸಿಜೇರಿಯನ್ನೂ ಇದೆ. ಹಾಗಾಗಿ “ಹಿಂದಿನವರು ಮನೇಲೇ ಹೆರುತ್ತಿರಲಿಲ್ವಾ” ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹೆರುತ್ತಿದ್ದರು. ಸಾಯುತ್ತಲೂ ಇದ್ದರು.

ನಾನು ಹುಡುಕಿದ್ದು ಆಯಿಯ ತಾಳ್ಮೆ ಇರುವ ಜಾಗ. ಆದರೆ ಆಯಿಯ ತಂಗಿಗೆ ಆದದ್ದು ಆಗದಂಥ ಜಾಗ. ಎರಡೂ ಒಂದೇ ಸೂರಿನಡಿ ಬೇಕಿತ್ತು.

ಹಾಗೆ ಹುಡುಕುವಾಗ ಕಣ್ಣಿಗೆ ಬಿದ್ದ ಹೆರಿಗೆ ಕೇಂದ್ರ ಅಂದರೆ ಏನು ಅಂತ ಸ್ವಲ್ಪ ಹೇಳಬೇಕು. ಬೇರೆ ದೇಶಗಳಲ್ಲಿ ಇದು ಹಳೆಯ ವ್ಯವಸ್ಥೆ. ತೊಂದರೆ ಇಲ್ಲದ ಬಸುರಿಯರನ್ನು, ಹೆರಿಗೆ ಮಾಡಿಸಲೆಂದೇ ತರಬೇತಿ ಪಡೆದ ಮಿಡ್‌ವೈಫ್‌ಗಳು ನೋಡಿಕೊಳ್ಳುತ್ತಾರೆ. ಕೋಣೆ ಮನೆಯ ಕೋಣೆಯ ಹಾಗಿರುತ್ತದೆ. ಮಗುವಿನ ಎದೆಬಡಿತವನ್ನು ಕೈಯಲ್ಲಿ ಹಿಡಿಯುವ ಡಾಪ್ಲರ್‌ನಿಂದ ಆಗಾಗ ಕೇಳುತ್ತಾರೆ. ಬ್ಯಾನಿ ಬರಿಸುವ ಸಲೈನ್, ಬೆನ್ನಿಗೆ ಕೊಡುವ ನೋವು ನಿವಾರಕ, ಆಪರೇಷನ್ ಇವೆಲ್ಲ ಸಾಮಾನ್ಯವಾಗಿ ಅಲ್ಲಿ ಇರುವುದಿಲ್ಲ. ಬೇಕಾದರೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಕೆಲವು ಕೇಂದ್ರಗಳು ಆಸ್ಪತ್ರೆಯ ಒಳಗೇ ಇರುತ್ತವೆ, ಕೆಲವು ಬೇರೆ ಕಟ್ಟಡದಲ್ಲಿ. ಈ ವ್ಯತ್ಯಾಸ ತುಂಬಾ ಮುಖ್ಯ.

ನಮ್ಮ ಭಾಗದವರಿಗೆ ಇಂಥ ವಿಚಾರ ಕಿವಿಗೆ ಬೀಳುವುದು ಹೈದರಾಬಾದ್ ಕಡೆಯಿಂದ. ಅಲ್ಲಿ 1948ರಲ್ಲಿ ಶುರುವಾದ ಫರ್ನಾಂಡಿಸ್ ಆಸ್ಪತ್ರೆ ಮಿಡ್‌ವೈಫ್‌ಗಳನ್ನು ತಯಾರು ಮಾಡುವ ಕೆಲಸಕ್ಕೆ ಹೆಸರಾಗಿದೆ. 2017ರಲ್ಲಿ ತೆಲಂಗಾಣ ಸರ್ಕಾರ ಮತ್ತು ಯುನಿಸೆಫ್ ಜೊತೆ ಸೇರಿ ಸರ್ಕಾರಿ ನರ್ಸ್‌ಗಳಿಗೂ ತರಬೇತಿ ಶುರು ಮಾಡಿತು. ಮರುವರ್ಷ ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಮಿಡ್‌ವೈಫ್ ಸೇವೆಯ ಮಾರ್ಗಸೂಚಿ ತಂದಿತು. ನರ್ಸ್‌ಗಳಿಗೆ 18 ತಿಂಗಳ ತರಬೇತಿ, ದೊಡ್ಡ ಆಸ್ಪತ್ರೆಗಳ ಒಳಗೇ ಮಿಡ್‌ವೈಫ್‌ಗಳು ನಡೆಸುವ ಹೆರಿಗೆ ಘಟಕ, ಇದು ಅದರ ಲೆಕ್ಕಾಚಾರ. ಓದಿ ನನಗೆ ಆಸೆ ಹುಟ್ಟಿತು. ಹೈದರಾಬಾದ್‌ಗೇ ಹೋಗಿಬಿಡೋಣ ಅಂತ ಗಂಡನ ಹತ್ತಿರ ಮಾತು ತೆಗೆದೆ.

ಅತ್ತೆಯವರು ಕೇಳಿಸಿಕೊಂಡರು. “ಅಲ್ಲವ್ವಾ, ಹಡ್ಯಾಕ ಹೈದರಾಬಾದಿಗಿ ಹೋಗ್ತಿ? ಚೊಚ್ಚಲ ಹೆರಿಗಿ ತವರಮನ್ಯಾಗ ಆಗಬೇಕು. ನಿಮ್ಮ ಅವ್ವ ಏನಂದಾಳು?” ಅವರ ಮಾತಿನಲ್ಲಿ ಜಗಳವಿರಲಿಲ್ಲ, ಚಿಂತೆಯಿತ್ತು. ಆ ಚಿಂತೆಗೆ ಅರ್ಥವೂ ಇತ್ತು. ಕಲಬುರಗಿಯಿಂದ ಹೈದರಾಬಾದ್ ಇನ್ನೂರು ಕಿಲೋಮೀಟರ್‌ಗೂ ದೂರ. ಬ್ಯಾನಿ ಹತ್ತಿದ ಮೇಲೆ ಹೊರಡುವ ದಾರಿಯಲ್ಲ. ಒಂಬತ್ತು ತುಂಬುವ ಮೊದಲೇ ಹೋಗಿ ಬಾಡಿಗೆ ಮನೆ ಹಿಡಿದು ಕಾಯಬೇಕು. ಅವ್ವ ಬರಬೇಕು, ಗಂಡ ರಜೆ ಹಾಕಬೇಕು. ಹೆರಿಗೆಯಾದ ಮೇಲೆ ಹಸಿ ಬಾಣಂತಿ ಕೂಸನ್ನು ಕಟ್ಟಿಕೊಂಡು ಅಷ್ಟು ದೂರ ವಾಪಸ್ ಬರಬೇಕು. ಅಳ್ವಿ ಪಾಯಸ, ಅಂಟಿನ ಉಂಡಿ, ಎಣ್ಣೆ-ನೀರು, ಮೈ ಕಾಸುವುದು, ಈ ಬಾಣಂತನವನ್ನೆಲ್ಲ ಬಾಡಿಗೆ ಮನೆಯಲ್ಲಿ ಅವ್ವ ಹೇಗೆ ಮಾಡಬೇಕು? ದುಡ್ಡಿನ ಮಾತು ಬಿಡಿ. ಹೆರಿಗೆಯಾದ ಮೇಲಿನ ದಿನಗಳೂ ಹೆರಿಗೆಯಷ್ಟೇ ದೊಡ್ಡವು.

ನನ್ನ ಮನಸ್ಸು ಬದಲಾಗಿದ್ದು ಇನ್ನೊಂದು ಅಂಕಿಯಿಂದ. ಇಂಗ್ಲೆಂಡಿನಲ್ಲಿ ಹೆರಿಗೆ ಜಾಗಗಳ ಬಗ್ಗೆ ಒಂದು ದೊಡ್ಡ ಅಧ್ಯಯನ ನಡೆಯಿತು. ತೊಂದರೆ ಇಲ್ಲದ ಸುಮಾರು 64,000 ಬಸುರಿಯರ ಲೆಕ್ಕ, 2011ರಲ್ಲಿ ಪ್ರಕಟವಾಯಿತು. ಹೆರಿಗೆ ಕೇಂದ್ರಕ್ಕೆ ಹೋದವರಿಗೆ ಆಪರೇಷನ್, ಕೂಸು ಬರುವ ದಾರಿಗೆ ಹಾಕುವ ಕತ್ತರಿ ಇವೆಲ್ಲ ಕಡಿಮೆ, ಕೂಸಿಗೆ ಅಪಾಯ ಹೆಚ್ಚಲಿಲ್ಲ ಅಂತ ಅದು ಹೇಳಿತು. ನನ್ನಂಥವರಿಗೆ ಧೈರ್ಯ ಕೊಡುವ ಮಾತು. ಆದರೆ ಅದೇ ಅಧ್ಯಯನದಲ್ಲಿ, ಆಸ್ಪತ್ರೆಯಿಂದ ಬೇರೆಯೇ ಇರುವ ಕೇಂದ್ರಕ್ಕೆ ಹೋದ ಚೊಚ್ಚಲ ಬಸುರಿಯರಲ್ಲಿ ನೂರಕ್ಕೆ 36 ಜನರನ್ನು ಹೆರಿಗೆಯ ಮೊದಲೋ ನಂತರವೋ ಆಸ್ಪತ್ರೆಗೆ ಕಳಿಸಬೇಕಾಯಿತು. ಮೂವರಲ್ಲಿ ಒಬ್ಬಳಿಗಿಂತ ಜಾಸ್ತಿ. ಬ್ಯಾನಿ ನಿಧಾನವಾಗಿದ್ದು ಅದಕ್ಕೆ ಒಂದು ದೊಡ್ಡ ಕಾರಣ, ಎಲ್ಲವೂ ಪ್ರಾಣದ ಮೇಲೆ ಬಂದ ಪ್ರಸಂಗಗಳಲ್ಲ. ಅಲ್ಲಿ ಗಾಡಿ ಬರುತ್ತದೆ, ರಸ್ತೆ ಇದೆ, ಆಸ್ಪತ್ರೆ ಕಾಯುತ್ತಿರುತ್ತದೆ. ನಮ್ಮಲ್ಲಿ ಚೊಚ್ಚಲ ಬಸುರಿಯೊಬ್ಬಳು ಇಂಥ ಕೇಂದ್ರ ಆರಿಸುವಾಗ ಮೊದಲು ನೋಡಬೇಕಾದ್ದು ಅಲ್ಲಿನ ಬೆಳಕು, ಬಣ್ಣ, ನೀರಿನ ತೊಟ್ಟಿ ಅಲ್ಲ. ಅಲ್ಲಿಂದ ಆಪರೇಷನ್ ಥಿಯೇಟರ್‌ಗೆ ಎಷ್ಟು ದೂರ, ರಾತ್ರಿ ಹೊತ್ತು ಆ ದಾರಿಗೆ ಎಷ್ಟು ನಿಮಿಷ ಬೇಕು ಅನ್ನುವುದನ್ನು.

ಹೀಗೆ ಯೋಚಿಸಿ ನಾನು ಕಲಬುರಗಿಯಲ್ಲೇ ಹುಡುಕಲು ನಿಂತೆ. ಆಪರೇಷನ್ ಥಿಯೇಟರ್ ಇರುವ, ರಕ್ತನಿಧಿ ಹತ್ತಿರವಿರುವ, ಆದರೆ ಕಾಯಲು ತಯಾರಿರುವ ದವಾಖಾನೆ. ಗಂಡನನ್ನು ಕರೆದುಕೊಂಡು ಒಂದೊಂದೇ ಕಡೆ ಹೋಗಿ ಕೂತು ಕೇಳಿದೆ.

ಒಂದು ಕಡೆ ಒಳಗೆ ಕಾಲಿಟ್ಟ ಕೂಡಲೇ “ನಾರ್ಮಲ್ ಗ್ಯಾರಂಟಿ” ಅಂದರು. ನನಗೆ ಭಯವಾಯಿತು. ಹೆರಿಗೆಗೆ ಗ್ಯಾರಂಟಿ ಕೊಡುವವರು ನನ್ನ ಕೂಸಿಗೆ ತೊಂದರೆಯಾದಾಗಲೂ ಗ್ಯಾರಂಟಿ ಉಳಿಸಿಕೊಳ್ಳಲು ನೋಡಿದರೆ? ಹೊಟ್ಟೆಯ ಮೇಲೆ ಕೈಯಿಟ್ಟು ಜೋರಾಗಿ ಒತ್ತಿ ಕೂಸನ್ನು ಕೆಳಗೆ ತಳ್ಳುವುದನ್ನು ನಮ್ಮ ಕಡೆ ಹೆಂಗಸರು ಮಾಮೂಲು ಸಂಗತಿಯ ಹಾಗೆ ಹೇಳುತ್ತಾರೆ. ಹಾಗೆ ಒತ್ತಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಹೇಗಾದರೂ ನಾರ್ಮಲ್ ಆಗಲೇಬೇಕು ಅನ್ನುವುದು ಸಹಜ ಹೆರಿಗೆಯಲ್ಲ.

ಇನ್ನೊಂದು ಕಡೆ ಮೇಡಂ ಒಳ್ಳೆಯವರೇ. ಆದರೆ ಹೆರಿಗೆ ಕೋಣೆಯಲ್ಲಿ ಸಾಲಾಗಿ ಟೇಬಲ್, ನಡುವೆ ಪರದೆ ಇಲ್ಲ, ಮನೆಯವರು ಯಾರೂ ಒಳಗೆ ಬರುವಂತಿಲ್ಲ. “ಹೊರಗಿನವರು ಬಂದ್ರೆ ಇನ್‌ಫೆಕ್ಷನ್ ಆಗ್ತದೆ” ಅಂದರು. ಸರ್ಕಾರಿ ಆಸ್ಪತ್ರೆಗಳಲ್ಲೂ ಬಸುರಿಯ ಜೊತೆ ಮನೆಯ ಹೆಂಗಸೊಬ್ಬಳು ಇರಬಹುದು ಅಂತ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಮಾರ್ಗಸೂಚಿ ಕೊಟ್ಟಿದೆ. 2017ರ ಡಿಸೆಂಬರ್‌ನಲ್ಲಿ ಬಂದ ಕೇಂದ್ರ ಸರ್ಕಾರದ ಲಕ್ಷ್ಯ ಯೋಜನೆಯೂ ಹೆರಿಗೆ ಕೋಣೆಯಲ್ಲಿ ಮರ್ಯಾದೆ, ಮರೆ, ಜೊತೆಗಾತಿ ಇರಬೇಕು ಅನ್ನುತ್ತದೆ. ಜೊತೆಗೆ ಒಬ್ಬರು ಇದ್ದರೆ ಏನಾಗುತ್ತದೆ ಅಂತ 17 ದೇಶಗಳ 15,000ಕ್ಕೂ ಹೆಚ್ಚು ತಾಯಂದಿರ ಮೇಲೆ ಆದ ಅಧ್ಯಯನಗಳನ್ನು ಸೇರಿಸಿ ನೋಡಿದ್ದಾರೆ. ಬ್ಯಾನಿಯ ಹೊತ್ತು ಕಡಿಮೆ, ಸಿಜೇರಿಯನ್ ಕಡಿಮೆ, ಬೇಸರದ ನೆನಪೂ ಕಡಿಮೆ. ಒಂದು ರೂಪಾಯಿ ಖರ್ಚಿಲ್ಲದ ಔಷಧಿ ಇದು. ಇದನ್ನು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂರಿಸುತ್ತೇವೆ ನಾವು.

ಮೂರನೆಯದು ದೊಡ್ಡ ಕಟ್ಟಡವಲ್ಲ. ಮೇಡಂ ಮಾತು ಕಡಿಮೆ. ನೂರಕ್ಕೆ ಎಷ್ಟು ಸಿಜೇರಿಯನ್ ಆಗುತ್ತವೆ ಅಂತ ನನ್ನ ಗಂಡ ಹೆದರುತ್ತಲೇ ಕೇಳಿದರು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಸಿಸ್ಟರ್‌ಗೆ ಹೇಳಿ ರಿಜಿಸ್ಟರ್ ತರಿಸಿದರು, ಹಿಂದಿನ ತಿಂಗಳದ್ದನ್ನು ಎಣಿಸಿ ಹೇಳಿದರು, ಯಾವುದು ಯಾಕೆ ಆಯಿತು ಅಂತಲೂ ಹೇಳಿದರು. ಅಂಕಿ ತೀರಾ ಕಡಿಮೆಯೇನೂ ಇರಲಿಲ್ಲ. ಆದರೆ ಪ್ರತಿಯೊಂದಕ್ಕೂ ಅವರ ಹತ್ತಿರ ಕಾರಣವಿತ್ತು. ಆಮೇಲೆ ಅವರು ನನ್ನನ್ನೇ ಕೇಳಿದರು. “ನಿಮ್ಮ ಹಿಮೋಗ್ಲೋಬಿನ್ ಎಷ್ಟದ?” ನನಗೆ ಆಗ ಒಂಬತ್ತೂವರೆ. “ಮೊದ್ಲ ಇದನ್ನ ಹನ್ನೊಂದು ಮಾಡ್ಕೊಂಡು ಬರ್ರಿ. ನಾರ್ಮಲ್ ಬೇಕಂದ್ರ ತಯಾರಿ ಇಲ್ಲಿಂದ ಶುರು.”

ಎಂಥ ಸರಿಯಾದ ಮಾತು! ಮೊದಲು ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೇ ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ 45.7 ಜನಕ್ಕೆ ರಕ್ತಹೀನತೆ. ಮೈಯಲ್ಲಿ ರಕ್ತ ಕಡಿಮೆ ಇದ್ದವಳಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ತಡೆಯುವುದಿಲ್ಲ. ಆಶಾ ಅಕ್ಕ ತಂದುಕೊಡುವ ಕಬ್ಬಿಣದ ಗುಳಿಗೆಯನ್ನು ಕಪಾಟಿನಲ್ಲಿಟ್ಟು ಬಿಡುವವರು ನಮ್ಮಲ್ಲಿ ತುಂಬಾ ಜನ. ಹೊಟ್ಟೆ ಕಟ್ಟುತ್ತದೆ, ವಾಕರಿಕೆ ಬರುತ್ತದೆ, ನಿಜ. ಊಟವಾದ ತಕ್ಷಣ ಚಹಾ ಕುಡಿದರೆ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ ಅಂತ ಗೊತ್ತಾದ ಮೇಲೆ ನಾನು ಆ ಚಹಾ ಬಿಟ್ಟೆ. ನಮ್ಮ ಕಡೆ ಅದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಗುಳಿಗೆಯನ್ನು ಲಿಂಬೆ ಹಣ್ಣಿನ ಪಾನಕದ ಜೊತೆ ತೆಗೆದುಕೊಂಡೆ. ರೊಟ್ಟಿಯ ಜೊತೆ ಪುಂಡಿ ಪಲ್ಯ, ಕಾಳು, ಶೇಂಗಾ ಹಿಂಡಿ ಬಿಡಲಿಲ್ಲ. ಪ್ರತಿ ತಿಂಗಳ 9ನೇ ತಾರೀಖಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಪುಕ್ಕಟೆ ತಪಾಸಣೆ ಇರುತ್ತದೆ, 2016ರಿಂದ ನಡೆಯುತ್ತಿದೆ. ಖಾಸಗಿಯಲ್ಲಿ ತೋರಿಸುವವರೂ ತಾಯಿ ಕಾರ್ಡ್ ಮಾಡಿಸಿಕೊಂಡು ಅಲ್ಲಿ ಒಮ್ಮೆ ಹೋಗಿ ಬರುವುದು ಒಳ್ಳೆಯದು.

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಬಿಪಿ ಏರಿದವರು, ಸಕ್ಕರೆ ಹತೋಟಿಗೆ ಬರದವರು, ಅವಳಿ ಇರುವವರು, ಕೂಸು ಅಡ್ಡ ಅಥವಾ ಉಲ್ಟಾ ಇರುವವರು, ಮಾಸು ಕೆಳಗೆ ಕೂತಿರುವವರು, ಹಿಂದೆ ಸಿಜೇರಿಯನ್ ಆದವರು, ರಕ್ತ ತೀರಾ ಕಡಿಮೆ ಇರುವವರು ಮಿಡ್‌ವೈಫ್ ಕೇಂದ್ರದ ಯೋಚನೆ ಮಾಡಬಾರದು. ದೊಡ್ಡ ಆಸ್ಪತ್ರೆಗೇ ಹೋಗಬೇಕು. ಅದರಲ್ಲಿ ಸೋಲು ಏನೂ ಇಲ್ಲ.

ಆ ಮೇಡಂ ಹತ್ತಿರ ನಾನು ಜಾಸ್ತಿ ಕೇಳಿದ್ದು ಬ್ಯಾನಿ ಹತ್ತಿದ ಮೇಲಿನ ವಿಚಾರ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಸಹಜ ಹೆರಿಗೆ ಉಳಿಯುವುದೂ ಕೆಡುವುದೂ ಇಲ್ಲೇ. ಮೊದಲ ಬ್ಯಾನಿ ಬಂದ ಕೂಡಲೇ ನಾವು ಆಟೋ ಹತ್ತಿ ಓಡುತ್ತೇವೆ. ಆದರೆ ಗರ್ಭದ ಬಾಯಿ ಐದು ಸೆಂಟಿಮೀಟರ್ ತೆರೆಯುವ ತನಕ ನಿಜವಾದ ಜೋರು ಬ್ಯಾನಿ ಶುರುವಾಗಿದೆ ಅಂತ ಲೆಕ್ಕ ಹಿಡಿಯಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಅದಕ್ಕೂ ಮೊದಲಿನ ಹಂತ ಚೊಚ್ಚಲಿನವರಿಗೆ ತಾಸುಗಟ್ಟಲೆ ನಡೆಯಬಹುದು. ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಲೇಬೇಕು ಅನ್ನುವ ಹಳೆಯ ನಿಯಮವನ್ನೂ ಆ ಸಂಸ್ಥೆ ಕೈಬಿಟ್ಟಿತು. ಬೇಗ ಹೋಗಿ ದವಾಖಾನೆಯ ಮಂಚ ಹತ್ತಿದರೆ ಎಲ್ಲರಿಗೂ ಗಡಿಯಾರದ ಮೇಲೆ ಕಣ್ಣು. “ಇನ್ನೂ ಆಗಿಲ್ಲ” ಅಂತ ಸಲೈನ್. ಸಲೈನ್‌ನಿಂದ ಬ್ಯಾನಿ ಒಂದರ ಮೇಲೊಂದು ಜೋರಾಗಿ ಬರುತ್ತವೆ, ಕೂಸಿಗೆ ಉಸಿರು ತೆಗೆದುಕೊಳ್ಳಲು ಬಿಡುವು ಕಡಿಮೆ. ಎದೆಬಡಿತ ಇಳಿದರೆ ಥಿಯೇಟರ್. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ಸಲೈನ್ ಬೇಕಾಗುವ ಹೊತ್ತೂ ಇರುತ್ತದೆ. ಕಾರಣ ಕೇಳುವ ಹಕ್ಕು ನಮಗಿದೆ ಅಷ್ಟೇ.

ಮಲಗುವ ವಿಚಾರವೂ ಹಾಗೇ. ಅಂಗಾತ ಮಲಗಿದರೆ ತುಂಬಿದ ಗರ್ಭ ಹಿಂದಿನ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಎದ್ದು ಓಡಾಡಿದರೆ ಬ್ಯಾನಿಯ ಮೊದಲ ಹಂತ ಒಂದು ತಾಸಿಗೂ ಹೆಚ್ಚು ಬೇಗ ಮುಗಿಯುತ್ತದೆ ಅಂತ ಅಧ್ಯಯನಗಳಿವೆ. ನಮ್ಮ ಆಯಿಯ ಹಗ್ಗ ಸುಮ್ನೆ ಇರಲಿಲ್ಲ. ಅವಳ ಒಂದೇ ದೀಪವೂ ಸುಮ್ನೆ ಇರಲಿಲ್ಲ. ಹೆದರಿಕೆಯಾದರೆ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಬ್ಯಾನಿ ತರುವ ಆಕ್ಸಿಟೋಸಿನ್ ಹಿಂದೆ ಸರಿಯುತ್ತದೆ. ಇನ್ನು ನೀರು. ಬ್ಯಾನಿಯಲ್ಲಿ ಏನೂ ಕೊಡಬಾರದು ಅನ್ನುವ ಪದ್ಧತಿ ಬಂದಿದ್ದು 1946ರಲ್ಲಿ ಅಮೆರಿಕದ ಮೆಂಡೆಲ್ಸನ್ ಅನ್ನುವ ಡಾಕ್ಟರ್ ಬರೆದ ಲೇಖನದ ನಂತರ. ಆಗ ಪೂರ್ತಿ ಪ್ರಜ್ಞೆ ತಪ್ಪಿಸಿ ಹೆರಿಗೆ ಮಾಡಿಸುತ್ತಿದ್ದರು, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುವ ಭಯವಿತ್ತು. ಈಗ ಸಿಜೇರಿಯನ್‌ಗೂ ಹೆಚ್ಚಾಗಿ ಬೆನ್ನಿಗೆ ಮಾತ್ರ ಇಂಜೆಕ್ಷನ್. ತೊಂದರೆ ಇಲ್ಲದ ಹೆಂಗಸು ನೀರು, ಹಗುರ ಊಟ ತೆಗೆದುಕೊಳ್ಳಬಹುದು ಅಂತ ಇವತ್ತಿನ ಸಲಹೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಬ್ಯಾನಿ ತಿನ್ನುವವಳಿಗೆ ಗುಟುಕು ನೀರು ಕೊಡುವುದಿಲ್ಲ ಅಂದರೆ ನಾನು ಒಪ್ಪುವುದಿಲ್ಲ.

ಮೇಡಂ ಕೆಲವಕ್ಕೆ ಹೂಂ ಅಂದರು, ಕೆಲವಕ್ಕೆ ಅಲ್ಲ ಅಂದರು. ಅವ್ವ ಒಳಗೆ ಇರಬಹುದು. ನೀರು, ಮಜ್ಜಿಗೆ ಕುಡಿಯಬಹುದು. ಓಡಾಡಬಹುದು. ಕತ್ತರಿ ಎಲ್ಲರಿಗೂ ಹಾಕುವುದಿಲ್ಲ. ಆದರೆ ನೀರಿನ ತೊಟ್ಟಿ ಇಲ್ಲ, ಕೈಗೆ ಸೂಜಿ ಮಾತ್ರ ಮೊದಲೇ ಹಾಕಿರುತ್ತೇವೆ, ಕೂಸು ಬಂದ ಕೂಡಲೇ ತೊಡೆಗೆ ಆಕ್ಸಿಟೋಸಿನ್ ಇಂಜೆಕ್ಷನ್ ಕೊಟ್ಟೇ ಕೊಡುತ್ತೇವೆ. ಆ ಇಂಜೆಕ್ಷನ್‌ಗೆ ನಾನು ಎರಡು ಮಾತಾಡಲಿಲ್ಲ. ಆಯಿಯ ತಂಗಿಗೆ ಅದು ಸಿಕ್ಕಿದ್ದರೆ ಅಂತ ನೆನಸಿದೆ.

ಹೆರಿಗೆಯ ದಿನ ನಾನು ಓದಿಕೊಂಡ ಹಾಗೆ ಎಲ್ಲವೂ ನಡೆಯಲಿಲ್ಲ. ರಾತ್ರಿಯೆಲ್ಲ ಮನೆಯಲ್ಲೇ ಓಡಾಡಿದೆ, ಅವ್ವ ಸೊಂಟ ಒತ್ತಿದಳು. ದವಾಖಾನೆಗೆ ಹೋದಾಗ ಬಾಯಿ ಆರು ಸೆಂಟಿಮೀಟರ್. ಸಿಸ್ಟರ್ ನನ್ನ ಗಲ್ಲ ಹಿಡಿದು “ಅರ್ಧ ಕೆಲಸ ಮನ್ಯಾಗೇ ಮುಗಿಸ್ಕೊಂಡು ಬಂದೀರಲ್ಲ” ಅಂದರು. ಆಮೇಲೆ ಬ್ಯಾನಿ ಸೋತುಹೋದವು. ಕಾದರು. ನಡೆಸಿದರು, ಮಗ್ಗಲು ಬದಲಿಸಿದರು, ಎದೆಬಡಿತ ಕೇಳುತ್ತಲೇ ಇದ್ದರು. ಕೊನೆಗೆ ಮೇಡಂ ಬಂದು ಪಕ್ಕದಲ್ಲಿ ಕೂತು, ಇನ್ನೂ ಕಾದರೆ ನೀನು ಸುಸ್ತಾಗಿ ಬಿಡುತ್ತಿ, ಸ್ವಲ್ಪ ಸಲೈನ್ ಹಚ್ಚೋಣ, ಕೂಸಿನ ಬಡಿತ ಈಗಿನಿಂದ ಪೂರ್ತಿ ನೋಡ್ತಿರ್ತೀವಿ ಅಂದರು. ನನ್ನ ಒಪ್ಪಿಗೆ ಕೇಳಿ ಕಾದರು. ಆ ಕೇಳುವಿಕೆ ನನಗೆ ಎಷ್ಟು ದೊಡ್ಡದಾಗಿತ್ತು ಅಂದರೆ, ಅವರು ಥಿಯೇಟರ್‌ಗೆ ಹೋಗೋಣ ಅಂದಿದ್ದರೂ ನಂಬಿ ಹೋಗುತ್ತಿದ್ದೆ.

ಮಗ್ಗುಲಾಗಿ ಮಲಗಿ ಹೆತ್ತೆ. ಮಗಳು. ಹೊಕ್ಕುಳ ಬಳ್ಳಿಯನ್ನು ತಕ್ಷಣ ಕತ್ತರಿಸದೆ ಎದೆಯ ಮೇಲೆ ಹಾಕಿದರು. ಒಂದು ನಿಮಿಷವಾದರೂ ಬಿಟ್ಟರೆ ಮಾಸಿನಲ್ಲಿರುವ ರಕ್ತ ಕೂಸಿಗೆ ಹೋಗಿ, ಮುಂದೆ ರಕ್ತಹೀನತೆ ತಡೆಯಲು ನೆರವಾಗುತ್ತದೆ. ರಕ್ತಹೀನತೆ ಇಷ್ಟೊಂದಿರುವ ನಮ್ಮಂಥ ಕಡೆ ಅದನ್ನು ಯಾಕೆ ಬಿಟ್ಟುಕೊಡಬೇಕು? ನನಗೆ ಆಮೇಲೆ ರಕ್ತ ಸ್ವಲ್ಪ ಜಾಸ್ತಿಯೇ ಹೋಯಿತು. ಸಿಸ್ಟರ್ ಹೊಟ್ಟೆ ಉಜ್ಜಿದರು, ಇನ್ನೊಂದು ಔಷಧಿ ಕೊಟ್ಟರು, ನಿಂತಿತು. ಕೋಣೆಯಲ್ಲಿ ಯಾರೂ ಓಡಾಡಿ ಗದ್ದಲ ಮಾಡಲಿಲ್ಲ, ಆದರೆ ಎಲ್ಲರಿಗೂ ತಮ್ಮ ಕೆಲಸ ಗೊತ್ತಿತ್ತು. ನಾನು ಹುಡುಕಿದ್ದು ಇದನ್ನೇ.

ಇಷ್ಟೆಲ್ಲ ಹುಡುಕಲು ನನಗೆ ಓದು ಇತ್ತು, ಜೊತೆಗೆ ಬರುವ ಗಂಡ ಇದ್ದರು, ಖಾಸಗಿ ದವಾಖಾನೆಯ ಬಿಲ್ ಕಟ್ಟುವ ಶಕ್ತಿ ಇತ್ತು. ಯಡ್ರಾಮಿಯ, ಚಿಂಚೋಳಿ ತಾಂಡಾಗಳ, ಶಹಾಪುರ ಸುರಪುರದ ಹಳ್ಳಿಗಳ ಹೆಣ್ಣುಮಕ್ಕಳು ಏನು ಮಾಡಬೇಕು? ಅವರಿಗೆ ಸರ್ಕಾರಿ ಆಸ್ಪತ್ರೆಯೇ ದಿಕ್ಕು. 2011ರಿಂದ ಅಲ್ಲಿ ಹೆರಿಗೆ, ಸಿಜೇರಿಯನ್, ಔಷಧಿ, ರಕ್ತ, ಊಟ, ಹೋಗಿ ಬರುವ ಗಾಡಿ ಎಲ್ಲವೂ ಪುಕ್ಕಟೆ. ಅದು ಸಣ್ಣ ಸಾಧನೆಯಲ್ಲ. ಥಿಯೇಟರ್ ಇದೆ, ಡಾಕ್ಟರ್ ಇದ್ದಾರೆ. ಬೇಕಾಗಿರುವುದು ಬ್ಯಾನಿ ತಿನ್ನುವವಳ ಜೊತೆ ಕೂರಲು ತರಬೇತಿ ಪಡೆದ ಕೈಗಳು. ಕೇಂದ್ರದ 2018ರ ಮಾರ್ಗಸೂಚಿ ಹೇಳುವ ಮಿಡ್‌ವೈಫ್ ಘಟಕಗಳು ಕಲಬುರಗಿ, ಬೀದರ್, ಯಾದಗಿರಿಯ ಜಿಲ್ಲಾ ಆಸ್ಪತ್ರೆಗಳಲ್ಲಿ, ಆಮೇಲೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಇರಬೇಕು. ಹೆರಿಗೆ ಕೇಂದ್ರ ಹಣವಂತರ ಆಯ್ಕೆಯಾಗಿ ಹೈದರಾಬಾದ್, ಬೆಂಗಳೂರಿನಲ್ಲೇ ಉಳಿದರೆ ನಮಗೇನು ಲಾಭ? ಸಂವಿಧಾನದಲ್ಲಿ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗಕ್ಕೆ ವಿಶೇಷ ಅನುದಾನ ಬರುತ್ತದೆ, ಕಟ್ಟಡಗಳು ಏಳುತ್ತವೆ. ಅದರಲ್ಲಿ ಒಂದು ಪಾಲು ನಮ್ಮದೇ ನರ್ಸ್ ಹೆಣ್ಣುಮಕ್ಕಳ 18 ತಿಂಗಳ ತರಬೇತಿಗೆ ಹೋಗಲಿ ಅಂತ ನಾವು ಕೇಳಬೇಕು. ಶಾಸಕರಿಗೂ ಕೇಳಬೇಕು, ಜಿಲ್ಲಾ ಆರೋಗ್ಯಾಧಿಕಾರಿಗೂ ಕೇಳಬೇಕು.

ನನ್ನ ನಾದಿನಿಗೆ ಈಗ ಏಳು ತಿಂಗಳು. ಅವಳ ಗಂಡನ ಮನೆ ಯಾದಗಿರಿ. ಹೋದ ವಾರ ಕುಬಸಕ್ಕೆ ಹೋದಾಗ, ಸೆರಗಿನ ಮರೆಯಲ್ಲಿ ಫೋನ್ ತೆಗೆದು ತಾನು ಬರೆದಿಟ್ಟುಕೊಂಡದ್ದನ್ನು ತೋರಿಸಿದಳು. ರಾತ್ರಿ ಅರಿವಳಿಕೆ ಡಾಕ್ಟರ್ ಎಷ್ಟು ಹೊತ್ತಿಗೆ ಬರುತ್ತಾರೆ? ಹೆರಿಗೆ ಕೋಣೆಯಲ್ಲಿ ಅತ್ತೆಯನ್ನು ಬಿಡುತ್ತಾರಾ? ಓ ನೆಗೆಟಿವ್ ರಕ್ತ ಎಲ್ಲಿ ಸಿಗುತ್ತದೆ? ಅವಳದ್ದು ಆ ಗುಂಪೇ. ಅದಕ್ಕೆ ಏಳನೇ ತಿಂಗಳಲ್ಲಿ ಹಾಕಿಸಬೇಕಾದ ಆಂಟಿ-ಡಿ ಇಂಜೆಕ್ಷನ್ ಬಗ್ಗೆಯೂ ಕೇಳಲು ಸೇರಿಸಿದೆವು. ಸೋಮವಾರ ನಾವಿಬ್ಬರೂ ಅವಳು ತೋರಿಸುವ ದವಾಖಾನೆಗೆ ಹೋಗಿ ಹೆರಿಗೆ ಕೋಣೆ ನೋಡಿಕೊಂಡು ಬರುತ್ತೇವೆ.